ಲಲಿತಾಜಿ ಕಲಿಸಿದ ಲೆಕ್ಕ

ಕ್ರಿಸ್‌ಮಸ್ ಅಂದ ಕೂಡಲೇ ನಿಮಗೆ ಕೇಕು, ನಕ್ಷತ್ರದ ದೀಪ, ಗೋದಲಿ ನೆನಪಾಗಬಹುದು. ನನಗೆ ನೆನಪಾಗುವುದು ಸೋಪಿನ ಪುಡಿಯ ಜಾಹೀರಾತು! ನಗಬೇಡಿ ಮಾರಾಯ್ರೇ, ಕಾರಣ ಹೇಳ್ತೇನೆ.

ಅದು 1987ರ ಡಿಸೆಂಬರ್. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲ. ಮಂಗಳೂರಿನ ನಮ್ಮ ಓಣಿಯಲ್ಲಿ ಟೀವಿ ಇದ್ದದ್ದು ಪಕ್ಕದ ಮನೆ ಬಾಯಮ್ಮನವರಲ್ಲಿ ಮಾತ್ರ. ಅವರು ಇಗರ್ಜಿಯಿಂದ ಬಂದವರೇ ಹಬ್ಬದ ಕುಸ್ವಾರಿಗೆ ಹಿಟ್ಟು ಕಲಸುತ್ತಿದ್ದರು. ಮಕ್ಕಳಾದ ನಾವು ಹೊಸ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ, ಸುರುಳಿ ಸುತ್ತಿ ಕಿಡಿಯೊ ಮಾಡುತ್ತಾ ಟೀವಿ ನೋಡುವುದು.

ರಾಮಾಯಣಕ್ಕೆ ಮೊದಲು ಜಾಹೀರಾತುಗಳು. ಗಿರ್ರನೆ ತಿರುಗುವ ಬಿಳಿ ಫ್ರಾಕಿನ ನಿರ್ಮಾ ಹುಡುಗಿ ನಮ್ಮ ಪಾಲಿಗೆ. ಸರ್ಫಿನ ಲಲಿತಾಜಿ ಬಂದಳೋ, ಅಮ್ಮಂದಿರೆಲ್ಲ ಗಪ್‌ಚಿಪ್! ಹಿಂದಿ ಯಾರಿಗೂ ಅಷ್ಟಾಗಿ ಬಾರದು. ಬೊಂಬಾಯಿಯಲ್ಲಿ ಕೆಲವು ವರ್ಷ ಇದ್ದ ಬಾಯಮ್ಮನವರೇ ದುಭಾಷಿ. "ಅಗ್ಗದ್ದು ಬೇರೆ, ಒಳ್ಳೇದು ಬೇರೆ ಅಂತಾಳೆ. ಇದರ ಅರ್ಧ ಕಿಲೋ ಅಗ್ಗದ ಪುಡಿಯ ಒಂದು ಕಿಲೋಗೆ ಸಮ ಅಂತೆ!"

ಈ ಲಲಿತಾಜಿ ಹುಟ್ಟಿದ್ದೇ ಬೆಲೆಯ ಜಗಳದಿಂದ. ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಅಹಮದಾಬಾದಿನಲ್ಲಿ ಶುರುಮಾಡಿದ ನಿರ್ಮಾ, ಸರ್ಫಿಗಿಂತ ಎಷ್ಟೋ ಅಗ್ಗವಾಗಿ ಮನೆಮನೆ ಸೇರಿತ್ತು. ಅದಕ್ಕೆ ಉತ್ತರ ಕೊಡಲು ಲಿಂಟಾಸ್ ಕಂಪೆನಿಯ ಅಲೀಕ್ ಪದಮ್‌ಸಿ 1980ರ ದಶಕದಲ್ಲಿ ಲಲಿತಾಜಿಯನ್ನು ತಂದರು. ಇದಕ್ಕೆ ಮಾದರಿ ಅವರ ತಾಯಿಯೇ ಅಂತೆ. ಉಳ್ಳವರ ಮನೆಯಾದರೂ ಪೈಸೆ ಪೈಸೆಗೆ ಚೌಕಾಶಿ ಮಾಡುವ ಹೆಂಗಸು! ಪಾತ್ರ ಮಾಡಿದವರು ಕವಿತಾ ಚೌಧರಿ. 1989ರಲ್ಲಿ ಇವರೇ ಬರೆದು, ನಿರ್ದೇಶಿಸಿ, ನಟಿಸಿದ 'ಉಡಾನ್' ಧಾರಾವಾಹಿ ಬಂತು. ಪೊಲೀಸ್ ಅಧಿಕಾರಿಯಾಗಿದ್ದ ಅಕ್ಕನ ಬದುಕೇ ಅದರ ಕಥೆ. ಕವಿತಾ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಸುದ್ದಿ ಓದಿ ಮನೆಯವರನ್ನೇ ಕಳೆದುಕೊಂಡ ಹಾಗಾಯ್ತು.

ಯಾಕೆ ಗೊತ್ತಾ? ಆಗ ನಮ್ಮ ಮನೆಯಲ್ಲಿ ಸಾಮಾನಿನ ಚೀಟಿ ಬರೆಯುತ್ತಿದ್ದದ್ದು ಅಪ್ಪ. ಅಮ್ಮ ಬಾಯಿ ತೆರೆದರೆ "ನಿಂಗೆ ಲೆಕ್ಕ ತಿಳಿಯುದಿಲ್ಲ" ಎಂಬ ಒಂದೇ ಉತ್ತರ. ಲಲಿತಾಜಿಯ ಮಾತು ಅಮ್ಮನ ತಲೆಯಲ್ಲಿ ಕೂತಿತು. ಹಬ್ಬಕ್ಕೆಂದು ಬಾಯಮ್ಮ ಪರದೆ, ಹೊದಿಕೆ ಒಗೆಯಲು ತೆಗೆದಾಗ ಇಬ್ಬರೂ ಸೇರಿ ಪರೀಕ್ಷೆಗೆ ಇಳಿದರು. ಒಂದು ಬಕೆಟ್ಟಿಗೆ ದುಬಾರಿ ಪುಡಿ, ಇನ್ನೊಂದಕ್ಕೆ ಅಗ್ಗದ್ದು. ಎಷ್ಟು ಚಮಚ, ಎಷ್ಟು ಬಟ್ಟೆ ಎಂದು ಅಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಹಬ್ಬ ಕಳೆದ ಮೇಲೂ ತಿಂಗಳಿಡೀ ಬಿಡಲಿಲ್ಲ.

ಕೊನೆಗೆ ಅವಳ ತೀರ್ಮಾನ ಏನು? ದಿನದ ಬಟ್ಟೆಗೆ ಅಗ್ಗದ್ದು. ಅಪ್ಪನ ಬಿಳಿ ಅಂಗಿಗೆ, ಒಳ್ಳೆಯ ಸೀರೆಗೆ ಸರ್ಫಿನ ಸಣ್ಣ ಪೊಟ್ಟಣ. ಲಲಿತಾಜಿಯ ಜಾಣತನ ತೆಗೆದುಕೊಂಡಳು, ಆದರೆ ಅವಳು ಹೇಳಿದಷ್ಟು ಪುಡಿ ಕೊಳ್ಳಲಿಲ್ಲ! ಅಪ್ಪ ಕ್ಯಾಲೆಂಡರ್ ನೋಡಿ ಎರಡು ಸಲ ಕೂಡಿಸಿದರು. ಏನೂ ಅನ್ನಲಿಲ್ಲ. ಮುಂದಿನ ಒಂದನೇ ತಾರೀಕಿಗೆ ಹಣ ಅಮ್ಮನ ಕೈಗಿಟ್ಟು, "ಚೀಟಿ ನೀನೇ ಬರಿ" ಅಂದರು. ಮತ್ತೆಂದೂ ಆ ಕೆಲಸ ಅವರ ಕೈಗೆ ಹೋಗಲಿಲ್ಲ.

ಈಗ ಪುಡಿಯ ಜೊತೆ ದ್ರಾವಣವೂ ಬಂದಿದೆ, ಒಂದಕ್ಕೊಂದು ಉಚಿತವೂ ಉಂಟು. ನೀವೂ ಒಮ್ಮೆ ಹೀಗೆ ಮಾಡಿ. ಪೊಟ್ಟಣ ಒಡೆದ ದಿನವೇ ಅದರ ಮೇಲೆ ತಾರೀಕು, ಬೆಲೆ ಬರೆಯಿರಿ. ಪ್ರತಿ ಒಗೆತಕ್ಕೆ ಒಂದು ಗೆರೆ ಎಳೆಯಿರಿ. ಮುಗಿದ ದಿನ ಬೆಲೆಯನ್ನು ಗೆರೆಗಳಿಂದ ಭಾಗಿಸಿ. ಯಾವುದು ಅಗ್ಗ ಅಂತ ಆಗ ತಿಳೀತದೆ. ಆ ಲೆಕ್ಕವನ್ನು ಮನೆಯವರಿಗೂ ತೋರಿಸಿ. ಮಗಳಿದ್ದರೆ ಗೆರೆ ಎಳೆಯುವ ಕೆಲಸ ಅವಳಿಗೇ ಕೊಡಿ.