ಹೆಗಲ ಮೇಲಿನ ಭಾರ

‘ದೆವ್ವದ ಸಿನೆಮಾ ತಾನೇ? ನೋಡಿ ಮರೆತರಾಯಿತು!’ ಎನ್ನುವವರೊಡನೆ ನಮ್ಮ ತಕರಾರಿದೆ.

ಥಾಯ್ಲೆಂಡಿನ ಬನ್‌ಜಾಂಗ್ ಪಿಸಂತನಕುನ್ ಮತ್ತು ಪಾರ್ಕ್‌ಪೂಮ್ ವಾಂಗ್‌ಪೂಮ್ 2004ರಲ್ಲಿ ‘ಷಟರ್’ ಎಂಬ ಚಿತ್ರ ತೆಗೆದರು. ಅದೇ ಕಥೆ 2007ರಲ್ಲಿ ತಮಿಳಿನ ‘ಸಿವಿ’ಯಾಯಿತು, 2008ರಲ್ಲಿ ಹಾಲಿವುಡ್ಡಿನವರು ಅದನ್ನು ಜಪಾನಿಗೆ ಒಯ್ದರು, 2010ರಲ್ಲಿ ಹಿಂದಿಯ ‘ಕ್ಲಿಕ್’ ಬಂತು. ಪ್ರತಿಸಲವೂ ನಮ್ಮ ಮಂದಿ ಕೇಳಿದ್ದು ಒಂದೇ: ಯಾವುದರಲ್ಲಿ ಹೆದರಿಕೆ ಹೆಚ್ಚು?

ಕೇಳಬೇಕಾದ ಪ್ರಶ್ನೆ ಬೇರೆ. ಮೂಲಚಿತ್ರದ ಛಾಯಾಗ್ರಾಹಕ ಟುನ್‌ಗೆ ಬಿಡದ ಕುತ್ತಿಗೆ ನೋವು. ತೂಕದ ಯಂತ್ರವೂ ಅವನ ಮೈಗೆ ಮೀರಿದ ಭಾರ ತೋರಿಸುತ್ತದೆ. ಸತ್ತುಹೋದ ನಾತ್ರೆ ಅವನ ಹೆಗಲೇರಿ ಕೂತಿದ್ದಾಳೆ. ಅವನನ್ನು ಪ್ರೀತಿಸಿದ್ದ ಹುಡುಗಿ ಅವಳು. ಗೆಳೆಯರು ಅವಳ ಮೇಲೆ ಅತ್ಯಾಚಾರ ಎಸಗಿದಾಗ ಇವನು ತಡೆಯಲಿಲ್ಲ, ಫೋಟೋ ತೆಗೆದ.

ವಿಕ್ರಮ ಬಾಯಿಬಿಟ್ಟೊಡನೆ ಬೇತಾಳ ಹೆಗಲಿಳಿದು ಹಾರುತ್ತಿತ್ತು. ಟುನ್ ಬಾಯಿಬಿಡಬೇಕಾದಾಗ ಬಿಡಲಿಲ್ಲ. ನಾತ್ರೆ ಕೊನೆಗೂ ಇಳಿಯಲಿಲ್ಲ.

ಇದನ್ನು ಪರದೇಶದ ಕಥೆ ಎನ್ನೋಣವೇ? ಇಂದು ನಮ್ಮ ಮಕ್ಕಳ ಕಿಸೆಯಲ್ಲೂ ಕ್ಯಾಮರಾ ಇದೆ. ಬೀದಿಯಲ್ಲಿ ಬಿದ್ದವನನ್ನು ಎತ್ತುವ ಬದಲು ಚಿತ್ರ ಹಿಡಿಯುವವರನ್ನು ನಾವು ಕಂಡಿಲ್ಲವೇ? ಕಂಡೂ ಸುಮ್ಮನೆ ಬಸ್ಸು ಹತ್ತಿಲ್ಲವೇ? ಈ ಕಥೆ ಇಷ್ಟು ಭಾಷೆಗಳಿಗೆ ಹೊಂದಿಕೊಂಡದ್ದು ದೆವ್ವದ ಮಹಿಮೆಯಿಂದಲ್ಲ. ನೋಡುತ್ತ ನಿಲ್ಲುವ ಪಾಪ ಎಲ್ಲ ಊರಲ್ಲೂ ಇರುವುದರಿಂದ.

ಬೆಳೆದ ಮಕ್ಕಳು ಈ ಚಿತ್ರ ನೋಡಿ ಬಂದರೆ ‘ಹೆದರಿದೆಯಾ?’ ಎನ್ನಬೇಡಿ. ‘ನೀನು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿ. ಅದಕ್ಕೂ ಮೊದಲು ನಾವೇ ಉತ್ತರ ಹೇಳೋಣ.