ಕರೆಂಟ್ ಹೋಗುವ ಊರಿಗೆ ಸ್ಲೀಪ್ ಅಲ್ಲ, ಹೈಬರ್ನೇಟ್ ಬೇಕು

ವಿಂಡೋಸ್ ಕಂಪ್ಯೂಟರಿನಲ್ಲಿ ಪವರ್ ಚಿಹ್ನೆ ಒತ್ತಿದರೆ ಸ್ಲೀಪ್, ಶಟ್‌ಡೌನ್, ರೀಸ್ಟಾರ್ಟ್ ಎಂಬ ಮೂರು ಆಯ್ಕೆ ಕಾಣುತ್ತವೆ. ನಾಲ್ಕನೆಯದು ಹೈಬರ್ನೇಟ್. ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದನ್ನು ಮರೆಮಾಡಿಯೇ ಕೊಟ್ಟಿರುತ್ತಾರೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ನಮ್ಮ ಊರುಗಳಿಗೆ ಬೇಕಾಗಿರುವುದು ಅದೇ ಎಂಬುದು ನನ್ನ ವಾದ.

ಸ್ಲೀಪ್ ಮಾಡಿದಾಗ ನೀವು ತೆರೆದಿಟ್ಟ ಕೆಲಸವೆಲ್ಲ ರ‍್ಯಾಮ್‌ನಲ್ಲೇ ಉಳಿದಿರುತ್ತದೆ. ರ‍್ಯಾಮ್ ಬೊಗಸೆಯಲ್ಲಿ ಹಿಡಿದ ನೀರಿದ್ದಂತೆ. ಅದಕ್ಕೆ ಸ್ವಲ್ಪವಾದರೂ ಕರೆಂಟ್ ಸಿಗುತ್ತಲೇ ಇರಬೇಕು, ನಿಂತ ಕ್ಷಣ ಎಲ್ಲ ಖಾಲಿ. ಹೈಬರ್ನೇಟ್ ಹಾಗಲ್ಲ. ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆಫ್ ಆಗುತ್ತದೆ. ನಾಲ್ಕು ದಿನ ಬಿಟ್ಟು ಆನ್ ಮಾಡಿದರೂ ನುಡಿಯಲ್ಲಿ ಅರ್ಧ ಟೈಪ್ ಮಾಡಿದ್ದ ಅರ್ಜಿ ಅದೇ ಸಾಲಿನಲ್ಲಿ ಕಾದಿರುತ್ತದೆ.

ಸ್ಲೀಪ್‌ನಿಂದ ಏಳಲು ಎರಡು ಮೂರು ಸೆಕೆಂಡು ಸಾಕು, ಹೈಬರ್ನೇಟ್‌ಗೆ ಅರ್ಧ ನಿಮಿಷ, ಹಳೇ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಹೆಚ್ಚು. ಕರೆಂಟ್ ಹೋಗದ ಕಡೆ ಸ್ಲೀಪ್ ಮುಂದಿರುವುದು ಸರಿಯೇ. ನಮ್ಮಲ್ಲಿ ಆ ಅರ್ಧ ನಿಮಿಷ ಉಳಿಸಲು ಹೋಗಿ ಎರಡು ಗಂಟೆಯ ಕೆಲಸ ಕಳೆದುಕೊಳ್ಳಬೇಕಾಗುತ್ತದೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಹೈಬ್ರಿಡ್ ಸ್ಲೀಪ್ ಎಂಬ ಏರ್ಪಾಡು ಡಿಸ್ಕಿಗೂ ಒಂದು ಪ್ರತಿ ಬರೆದಿಡುತ್ತದೆ, ನಿಜ. ಆದರೆ ನಿಮ್ಮದರಲ್ಲಿ ಅದು ಆನ್ ಇದೆಯೋ ಇಲ್ಲವೋ ನೋಡದೆ ನಂಬಿ ಕೂರಬೇಡಿ.

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆಯಲ್ಲ ಅನ್ನುತ್ತೀರಾ? ನಾಲ್ಕೈದು ವರ್ಷದ ಹಳೇ ಬ್ಯಾಟರಿ 30 ಪರ್ಸೆಂಟ್ ತೋರಿಸುತ್ತಲೇ ಧಪ್ಪೆಂದು ಸತ್ತುಹೋಗುವುದುಂಟು. ಅಂಥ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್‌ಗಿಂತ ಏನೂ ಮೇಲಲ್ಲ.

ಇನ್ನು ಗುಡುಗು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿದಾಗ ಟಿವಿ ಪ್ಲಗ್ ಕಿತ್ತಿಡುವುದು ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಲೀಪ್‌ನಲ್ಲಿರುವ ಡೆಸ್ಕ್‌ಟಾಪಿನ ಪ್ಲಗ್ ಕಿತ್ತರೆ ಕೆಲಸ ಹೋಗುತ್ತದೆ, ಬಿಟ್ಟರೆ ಯಂತ್ರವೇ ಸುಟ್ಟುಹೋಗಬಹುದು. ಹೈಬರ್ನೇಟ್ ಮಾಡಿ ಪ್ಲಗ್ ಕಿತ್ತರೆ ಎರಡೂ ಉಳಿಯುತ್ತವೆ. ಇಂಟರ್ನೆಟ್ ತಂತಿಯನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಒಂದೇ ಎಚ್ಚರ: ಪರದೆ ಕಪ್ಪಾದ ತಕ್ಷಣ ಕೀಳಬೇಡಿ. ಡಿಸ್ಕಿಗೆ ಬರೆಯುವುದು ಮುಗಿದು, ಫ್ಯಾನ್ ನಿಂತು ದೀಪ ಆರುವವರೆಗೆ ಕಾಯಿರಿ. ಯುಪಿಎಸ್ ಇರುವವರಿಗೂ ಇದೇ ಮಾತು. ಅದು ಕೂಗತೊಡಗಿದಾಗ ಕೈಯಲ್ಲಿರುವ ಕೆಲವು ನಿಮಿಷ ಹೈಬರ್ನೇಟ್ ಮಾಡಲು ಧಾರಾಳ ಸಾಕು.

ಹೈಬರ್ನೇಟ್ ಮಾಡಿದರೆ ಎಸ್‌ಎಸ್‌ಡಿ ಸವೆಯುತ್ತದೆ ಎಂದು ಹೆದರಿಸುವವರಿದ್ದಾರೆ. ಲೆಕ್ಕ ಹಾಕೋಣ. ಒಂದು ಸಲಕ್ಕೆ 4 ಜಿಬಿಯಂತೆ ದಿನಕ್ಕೆ ಎರಡು ಸಲ ಬರೆದರೂ ವರ್ಷಕ್ಕೆ 3 ಟಿಬಿ ದಾಟುವುದಿಲ್ಲ. ಸಾಧಾರಣ 240 ಜಿಬಿ ಎಸ್‌ಎಸ್‌ಡಿ ಕೂಡ ಹತ್ತಾರು ಟಿಬಿ ಬರೆಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಕೆಲವು ಜಿಬಿ ಜಾಗ ಹಿಡಿಯುವುದು ಮಾತ್ರ ನಿಜವಾದ ನಷ್ಟ.

ಹಾಗಾದರೆ ಪ್ರತಿ ಸಲ ಶಟ್‌ಡೌನ್ ಮಾಡಿದರಾಯಿತಲ್ಲ, ಕಂಪ್ಯೂಟರ್ ಕ್ಲಾಸಿನಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ ಎನ್ನಬಹುದು. ಆ ಪಾಠ ಹಳೆಯದಾಯಿತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಆನ್ ಇದ್ದರೆ ನಿಮ್ಮ ಫೈಲುಗಳೆಲ್ಲ ಮುಚ್ಚುತ್ತವೆ, ವಿಂಡೋಸಿನ ಒಳತಿರುಳು ಮಾತ್ರ ಡಿಸ್ಕಿನಲ್ಲಿ ಹೈಬರ್ನೇಟ್ ಆಗುತ್ತದೆ. ಅಂದರೆ ನಮಗೆ ಬೇಕಾದ ಸೌಲಭ್ಯವನ್ನು ವಿಂಡೋಸ್ ತನಗಾಗಿ ಬಳಸಿಕೊಂಡು, ನಮ್ಮ ಕಣ್ಣಿಗೆ ಬೀಳದಂತೆ ಇಟ್ಟಿದೆ! ಪ್ರಿಂಟರ್ ಕೈಕೊಟ್ಟಾಗ ಆಫ್ ಮಾಡಿ ಆನ್ ಮಾಡಿದರೂ ಸರಿಹೋಗದಿರಲು ಹಲವು ಸಲ ಇದೇ ಕಾರಣ. ಆಗ ರೀಸ್ಟಾರ್ಟ್ ಮಾಡಬೇಕು, ಅಥವಾ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಬೇಕು. ದಿನಾ ಹೈಬರ್ನೇಟ್ ಮಾಡುವವರು ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಯಂತ್ರ ಹಗುರಾಗಿರುತ್ತದೆ.

ಹೈಬರ್ನೇಟ್ ಎಲ್ಲವನ್ನೂ ಕಾಯುವುದಿಲ್ಲ. ಸೇವಾ ಸಿಂಧುವಿನಂಥ ಜಾಲತಾಣದಲ್ಲಿ ಅರ್ಜಿ ತುಂಬುತ್ತಿದ್ದರೆ ಅಲ್ಲಿನ ಲಾಗಿನ್ ಅವಧಿ ಮುಗಿದು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಬಹುದು. ಟೈಪ್ ಮಾಡುತ್ತಿರುವಾಗಲೇ ಕರೆಂಟ್ ಹೋದರೆ ಅದೂ ಏನು ಮಾಡೀತು? ಆಗಾಗ ಕಂಟ್ರೋಲ್ ಎಸ್ ಒತ್ತುವುದನ್ನು ಬಿಡಬೇಡಿ.

ಆನ್ ಮಾಡುವುದು ಹೀಗೆ: ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಎಡಗಡೆ 'ಚೂಸ್ ವಾಟ್ ದಿ ಪವರ್ ಬಟನ್ಸ್ ಡೂ' ಒತ್ತಿ. ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿದರೆ ಕೆಳಗೆ ಹೈಬರ್ನೇಟ್ ಎದುರು ಟಿಕ್ ಹಾಕಬಹುದು. ಸೇವ್ ಮಾಡಿ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆಯೂ ಅಲ್ಲೇ ಬದಲಿಸಬಹುದು. ತಾಲೂಕಿನ ಅಂಗಡಿಗಳಲ್ಲಿ ವಿಂಡೋಸ್ ಹಾಕಿಕೊಡುವ ಅಣ್ಣಂದಿರೇ, ಹೇಗೂ ಅರ್ಧ ದಿನ ಯಂತ್ರ ನಿಮ್ಮ ಟೇಬಲ್ ಮೇಲಿರುತ್ತದೆ. ಗಿರಾಕಿಗೆ ಕೊಡುವ ಮೊದಲು ಈ ಟಿಕ್ ಒಂದನ್ನು ಹಾಕಿ ಕೊಡಿ.