ಭಕ್ಷೀಸಿನ ಮರ್ಯಾದೆ

ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕುಳಿತ ಮೇಲೆ ಎಂಥ ಅಧಿಕಾರಿಯೂ ತಲೆ ಬಾಗಲೇಬೇಕು. ‘ಸ್ವಲ್ಪ ಎಡಕ್ಕೆ’ ಎಂದರೆ ಎಡಕ್ಕೆ ತಿರುಗಬೇಕು. ‘ಅಲುಗಬೇಡಿ’ ಎಂದರೆ ಉಸಿರು ಬಿಗಿಹಿಡಿದು ಕೂರಬೇಕು. ಮೈಮೇಲೆ ಹೊದಿಸಿದ ಬಟ್ಟೆಯನ್ನು ಕೊಡವಿದ ಬಳಿಕವೇ ಗಿರಾಕಿಗೆ ತನ್ನ ಅಧಿಕಾರ ಮರಳುವುದು. ಆಗ ಕೈ ಜೇಬಿಗೆ ಹೋಗುತ್ತದೆ. ಅದರ ಹಿಂದೆಯೇ ಚಿಂತೆಯೂ ಹುಟ್ಟುತ್ತದೆ. ಕೂಲಿಯ ಮೇಲೆ ಏನನ್ನಾದರೂ ಕೊಡಬೇಕೆ? ಕೊಡುವುದಾದರೆ ಎಷ್ಟು? ಯಾರ ಕೈಗೆ?

ಹಿಂದಿನ ಕಾಲದ ಹಳ್ಳಿಯಲ್ಲಿ ಈ ಚಿಂತೆ ಇರಲಿಲ್ಲ. ಊರಿನ ಆಯಗಾರರಲ್ಲಿ ಕ್ಷೌರಿಕರೂ ಸೇರಿದ್ದರು. ವರ್ಷವಿಡೀ ದುಡಿದುದಕ್ಕೆ ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಆಯ ಸಲ್ಲುತ್ತಿತ್ತು. ಚೌಲ, ಮದುವೆಯಲ್ಲಿ ಉಗುರು ತೆಗೆಯುವ ಶಾಸ್ತ್ರ ಮುಂತಾದ ಸಂದರ್ಭಗಳಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಯಡಕೆ, ದಕ್ಷಿಣೆ ಬೇರೆ. ಅವನ್ನು ಪಡೆಯುವುದು ಅವರ ಹಕ್ಕಾಗಿತ್ತು. ಆದರೆ ಕ್ಷೌರ ಮಾಡಿಸಿಕೊಂಡವರು ಸ್ನಾನವಾಗುವವರೆಗೆ ಮನೆಯೊಳಗೆ ಯಾರನ್ನೂ ಮುಟ್ಟುತ್ತಿರಲಿಲ್ಲವೆಂಬುದನ್ನೂ ಮರೆಯಲಾಗದು. ಆಯಕ್ಕೆ ಅಳತೆಯಿತ್ತು, ಅಳೆದು ಕೊಟ್ಟವರು ಗೌರವವನ್ನು ಮಾತ್ರ ಕೊಡಲಿಲ್ಲ.

ಪಟ್ಟಣಕ್ಕೆ ಬಂದ ಮೇಲೆ ಆಯ ಹೋಗಿ ಭಕ್ಷೀಸು ಬಂತು. ಇದು ಪಾರಸಿಯಿಂದ ಬಂದ ಮಾತು. ದೊಡ್ಡವರು ಸಂತೋಷಪಟ್ಟು ಚಿಕ್ಕವರಿಗೆ ನೀಡುವ ಉಡುಗೊರೆಯೆಂಬ ಛಾಯೆ ಅದಕ್ಕೆ ಇಂದಿಗೂ ಅಂಟಿಕೊಂಡಿದೆ. ಈಗ ‘ಟಿಪ್ಸ್’ ಎಂದರೂ ಕೊಡುವ ಭಂಗಿ ಅನೇಕ ವೇಳೆ ಹಳೆಯದೇ.

ಇಂದಿನ ಸೆಲೂನುಗಳಲ್ಲಿ ಕತ್ತರಿ ಹಿಡಿದವರೆಲ್ಲ ಅಂಗಡಿಯ ಒಡೆಯರಲ್ಲ. ಎಷ್ಟೋ ಕಡೆ ಅವರಿಗೆ ನಿಗದಿಯಾದ ಸಂಬಳವೂ ಇಲ್ಲ. ದಿನದ ಸಂಪಾದನೆಯಲ್ಲಿ ಒಂದು ಪಾಲು, ಅಷ್ಟೆ. ಇಂಥ ಕಡೆ ನಡೆಯಬಹುದಾದ ಪ್ರಸಂಗವೊಂದನ್ನು ಊಹಿಸಿಕೊಳ್ಳಿ. ಗೃಹಸ್ಥರೊಬ್ಬರು ಗೋಡೆಯ ಮೇಲಿನ ಚೌಕುಳಿ ಚಿತ್ರಕ್ಕೆ ಮೊಬೈಲು ಹಿಡಿದು ಹಣ ಕಳಿಸುತ್ತಾರೆ.

“ಇಪ್ಪತ್ತು ರೂಪಾಯಿ ಹೆಚ್ಚಿಗೆ ಹಾಕಿದ್ದೇನಪ್ಪಾ, ನೀನು ಇಟ್ಟುಕೋ.”

“ಆಗಲಿ ಸಾರ್,” ಎಂದು ಯುವಕ ನಗುತ್ತಾನೆ.

ಹಣ ಹೋದದ್ದು ಮಾಲೀಕರ ಖಾತೆಗೆ. ರಾತ್ರಿ ಲೆಕ್ಕದ ವೇಳೆ ಅದನ್ನು ಕೇಳಲು ಯುವಕನಿಗೆ ಸಂಕೋಚ; ಹುಡುಕಿ ಕೊಡಲು ಮಾಲೀಕರಿಗೆ ಪುರುಸೊತ್ತಿಲ್ಲ. ಗೃಹಸ್ಥರೇನೋ ದಾನಿಯೆಂಬ ತೃಪ್ತಿಯಿಂದ ಮನೆ ಸೇರುತ್ತಾರೆ.

ಬ್ರಿಟನ್ನಿನಲ್ಲಿ ಇದಕ್ಕೆ ಕಾಯಿದೆಯೇ ಬೇಕಾಯಿತು. 2023ರಲ್ಲಿ ರೂಪುಗೊಂಡು 2024ರ ಅಕ್ಟೋಬರ್ 1ರಿಂದ ಜಾರಿಯಾದ ಆ ಕಾಯಿದೆಯಂತೆ, ಇಂಥ ಹಣ ಮಾಲೀಕರ ಕೈಗೆ ಬಂದರೂ ಪೂರ್ತಿಯಾಗಿ ಕೆಲಸಗಾರರಿಗೇ ಸಲ್ಲಬೇಕು. ಅಮೆರಿಕದಲ್ಲಿ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಕೊಡುವುದು ವಾಡಿಕೆ; ಜಪಾನಿನಲ್ಲಿಯೋ ಕೊಡದಿರುವುದೇ ರೂಢಿ. ಇಲ್ಲಿ ಇಂತಿಷ್ಟೆಂಬ ಕಟ್ಟಳೆಯಿಲ್ಲ. ಗಿರಾಕಿಯ ವಿವೇಕವೇ ಪ್ರಮಾಣ.

ಆ ವಿವೇಕಕ್ಕೆ ಕೆಲವು ಸೂಚನೆಗಳು ಸಾಕು. ಕೊಡುವುದಿದ್ದರೆ ಕೆಲಸ ಮಾಡಿದವರ ಕೈಗೇ ನಗದಾಗಿ ಕೊಡುವುದು ಲೇಸು. 150 ರೂಪಾಯಿಯ ಕ್ಷೌರಕ್ಕೆ ಹತ್ತೋ ಇಪ್ಪತ್ತೋ ಕೊಟ್ಟರೆ ಯಾರಿಗೂ ಭಾರವಲ್ಲ. ಮಾಲೀಕರೇ ಕತ್ತರಿ ಹಿಡಿದಿದ್ದರೆ ಕೊಡದಿದ್ದರೂ ಲೋಪವಿಲ್ಲ. ದರ ಗೊತ್ತುಮಾಡಿದವರು ಅವರೇ ತಾನೆ? ಬ್ಯೂಟಿ ಪಾರ್ಲರುಗಳಲ್ಲಿ ಒಬ್ಬರು ತಲೆ ತೊಳೆದು ಇನ್ನೊಬ್ಬರು ಕೂದಲು ಕತ್ತರಿಸಿದ್ದರೆ, ತೊಳೆದವರನ್ನು ಮಹಿಳೆಯರು ಮರೆಯಬಾರದು. ಬಿಲ್ಲಿನಲ್ಲಿ ಸೇರಿದ ತೆರಿಗೆ ಸರ್ಕಾರಕ್ಕೆ ಹೋಗುವುದೇ ಹೊರತು ದುಡಿದವರಿಗಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ ಮನೆಗೇ ಬಂದು ಕ್ಷೌರ ಮಾಡುವವರಿಗಂತೂ ಬಂದುಹೋಗುವ ಹೊತ್ತಿನ ಬೆಲೆಯನ್ನೂ ಸೇರಿಸಿ ಕೊಡುವುದು ನ್ಯಾಯ. ಕೂಲಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣವನ್ನೇ ಭಕ್ಷೀಸೆಂದು ನೀಡುವುದು ಮಾತ್ರ ಯಾರಿಗೂ ಶೋಭೆಯಲ್ಲ.

ಕೊಡಲು ಅನುಕೂಲವಿಲ್ಲದವರು ನಾಚಬೇಕಾಗಿಲ್ಲ. ತಂದೆಯ ಜೊತೆಗೆ ಬಂದು ತನ್ನ ಸರದಿಗಾಗಿ ಬೆಂಚಿನ ಮೇಲೆ ಕಾಯುವ ಮಗು ನೋಟನ್ನಷ್ಟೇ ನೋಡುವುದಿಲ್ಲ. ತನ್ನ ತಂದೆ ಆ ಯುವಕನನ್ನು ‘ನೀನು’ ಎಂದರೋ ‘ನೀವು’ ಎಂದರೋ ಎಂಬುದನ್ನೂ ಕೇಳಿಸಿಕೊಳ್ಳುತ್ತದೆ. “ಚೆನ್ನಾಗಿ ಮಾಡಿದಿರಿ, ಬರುತ್ತೇನೆ” ಎಂಬ ಮಾತಿಗೆ ಯಾವ ಖರ್ಚೂ ಇಲ್ಲ. ಹಿಂದೆ ಆಯ ಅಳೆದವರು ಬಾಕಿ ಉಳಿಸಿದ್ದು ಅದನ್ನೇ.